ಎಡಗೈ ಎಂಬ ಎಡವಟ್ಟು

ದಾವಣಗೆರೆಯಲ್ಲಿ ಸೈಕಲ್ಲಿಗೆ ಗೇರ್ ಯಾಕೆ ಬೇಕು ಅಂತ ನನಗೆ ಮೊದಲಿಂದಲೂ ಅನುಮಾನ. ಊರು ಬೆಣ್ಣೆದೋಸೆ ಹಂಚಿನ ಹಾಗೆ ಸಪಾಟು. ಕುಂದವಾಡ ಕೆರೆ ಏರಿ ಹತ್ತಿದರೆ ಅದೇ ನಮಗೆ ಹಿಮಾಲಯ. ಆದರೂ ಅಕ್ಕನ ಮಗ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ತನ್ನ ರೋಡ್ ಬೈಕನ್ನು ನನ್ನ ತಲೆಗೆ ಕಟ್ಟಿಯೇ ಹೋದ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಎರಡು ಬೆರಳಗಲದ ಟೈರು. "ಮಾಮ, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಒಂಬತ್ತು, ಒಟ್ಟು ಹದಿನೆಂಟು ಗೇರು" ಅಂದ. ಗಂಟು ಸಿಕ್ಕಿತು ಅಂದುಕೊಂಡೆ.

ಸಿಕ್ಕಿದ್ದರಲ್ಲಿ ನಾನು ಬಳಸಿದ್ದು ಒಂಬತ್ತು ಮಾತ್ರ. ಹಿಂದಿನ ಗೇರು ಬಲಗೈದು, ಮುಂದಿನದು ಎಡಗೈದು. ಬಲಗೈ ಬೇಗ ಕಲಿತುಕೊಂಡಿತು. ಬ್ರೇಕ್ ಲಿವರನ್ನೇ ಒಳಗಡೆಗೆ ತಳ್ಳಿದರೆ ಚೈನು ದೊಡ್ಡ ಚಕ್ರಕ್ಕೆ ಏರುತ್ತದೆ, ಕಾಲಿಗೆ ಹಗುರ. ಅದರ ಹಿಂದೆ ಅಡಗಿರುವ ಸಣ್ಣ ಲಿವರ್ ಒತ್ತಿದರೆ ಚೈನು ಕೆಳಗಿಳಿಯುತ್ತದೆ, ಬಿಗಿ. ಎಡಗೈ ಮಾತ್ರ ಆರು ತಿಂಗಳು ಬ್ರೇಕ್ ಹಿಡಿದು ಸುಮ್ನೆ ಕೂತಿತ್ತು.

ಮುಂದಿನ ದೊಡ್ಡ ಚಕ್ರದಲ್ಲೇ ಇದ್ದುಕೊಂಡು ಹಿಂದೆಯೂ ದೊಡ್ಡದಕ್ಕೆ ಏರಿಸಿದಾಗ ಕರ್ ಕರ್ ಅಂತ ಒಂದು ಸದ್ದು ಬರುತ್ತಿತ್ತು. ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತೆ. ಮುಂದಿನ ಗೇರಿನ ಮೇಲೆ ಎರಡು ಪುಟಾಣಿ ಸ್ಕ್ರೂ. ಒಂದರ ಪಕ್ಕ ಎಲ್, ಇನ್ನೊಂದರ ಪಕ್ಕ ಎಚ್. ಎಲ್ ಅಂದರೆ ಲೂಸ್ ಇರಬೇಕು ಅಂತ ಅದನ್ನು ಎರಡು ಸುತ್ತು ಬಿಟ್ಟೆ. ಸದ್ದು ಹೋಗಲಿಲ್ಲ. ನನಗೆ ಸಮಾಧಾನವಾಯಿತು.

ಆಮೇಲೆ ಒಮ್ಮೆ ದುರ್ಗದ ಅಕ್ಕನ ಮನೆಗೆ ಅಕ್ಕಿ ಚೀಲ ಹೊತ್ತು ಹೊರಟ ಟಾಟಾ ಏಸಿನಲ್ಲಿ ಸೈಕಲ್ಲನ್ನೂ ಹಾಕಿಕೊಂಡು ಹೋದೆ. ಮರುದಿನ ಬೆಳಿಗ್ಗೆ ಜೋಗಿಮಟ್ಟಿ ಹತ್ತಿಬಿಡೋಣ ಅಂತ ಹೊರಟೆ. ಆಡುಮಲ್ಲೇಶ್ವರದ ತನಕ ಚೆನ್ನಾಗಿಯೇ ಇತ್ತು. ಆಮೇಲೆ ರಸ್ತೆ ಮೂಗು ಮೇಲೆತ್ತಿತು. ಬಲಗೈ ತನ್ನ ಒಂಬತ್ತನ್ನೂ ಮುಗಿಸಿತು. ತೊಡೆ ನಡುಗಲು ಶುರು. ಆಗ ನೆನಪಾಗಿದ್ದು ಎಡಗೈ.

ಬಲಗೈ ಬುದ್ಧಿಯನ್ನೇ ಎಡಗೈಗೂ ಹಚ್ಚಿದೆ. ಬ್ರೇಕ್ ಲಿವರನ್ನು ಒಳಗೆ ತಳ್ಳಿದೆ. ಏನೂ ಆಗಲಿಲ್ಲ. ಜೋರಾಗಿ ತಳ್ಳಿದೆ. ಊಹೂಂ. ಎಡಗಡೆ ಎಲ್ಲ ಉಲ್ಟಾ ಅಂತ ನನಗೆ ಯಾರು ಹೇಳಬೇಕು? ಅಲ್ಲೂ ಆ ಲಿವರ್ ಚೈನನ್ನು ದೊಡ್ಡದಕ್ಕೇ ಏರಿಸುತ್ತದೆ, ಆದರೆ ಮುಂದೆ ದೊಡ್ಡದು ಅಂದರೆ ಭಾರ, ಸಣ್ಣದೇ ಹಗುರ. ಏರಿ ಕೂತವನನ್ನೇ ಮತ್ತೆ ಏರು ಏರು ಅಂತ ಬಡಿಯುತ್ತಿದ್ದೆ.

ಕೊನೆಗೆ ಸೀಟು ಬಿಟ್ಟೆದ್ದು ನಿಂತು, ಮೈಭಾರವೆಲ್ಲ ಪೆಡಲ್ ಮೇಲೆ ಹಾಕಿ, ಸಣ್ಣ ಲಿವರ್ ಒತ್ತಿದೆ. ಒಂದು ಕ್ಷಣ ನಿಶ್ಶಬ್ದ. ಆಮೇಲೆ ಟಣ್! ಚೈನು ಸಣ್ಣ ಚಕ್ರವನ್ನೂ ದಾಟಿ ಒಳಗೆ ಬಿದ್ದು ಫ್ರೇಮಿಗೆ ಸಿಕ್ಕಿಕೊಂಡಿತು. ಕಾಲು ಗಾಳಿಯಲ್ಲಿ ಗಿರ್ ಅಂತ ತಿರುಗಿತು. ನಾನು ಎಡಕ್ಕೆ, ಅಂದರೆ ತಪ್ಪಿತಸ್ಥ ಕೈಯ ಕಡೆಗೇ, ಮೆತ್ತಗೆ ವಾಲಿ ಮಣ್ಣಿನಲ್ಲಿ ಕೂತೆ.

ವಾಕಿಂಗ್ ಬಂದಿದ್ದ ಒಬ್ಬ ಯಜಮಾನರು ಕೋಲೂರಿ ನಿಂತು ಎಲ್ಲ ನೋಡಿದ್ದರು. "ಏನಾತ್ರೀ?" ಅಂದರು. ಹೇಳಿದೆ. "ಏರು ಹತ್ತೋವಾಗ ನೊಗ ಬಿಚ್ಚಿ ಎತ್ತು ಬದ್ಲಾಯಿಸ್ತಾರೇನ್ರೀ? ಕೆಳಗೇ ಹೂಡ್ಕಂಡು ಬರಬೇಕಪ್ಪ" ಅಂದು ಮುಂದೆ ನಡೆದರು. ಅವರು ಗೇರ್ ಸೈಕಲ್ ಕಂಡವರಲ್ಲ ಅಂತ ಒಳಗೊಳಗೇ ಬೈದುಕೊಂಡೆ. ಕೈಗೆ ಮೆತ್ತಿದ ಕರಿ ಮಡ್ಡಿಯನ್ನು ಬಿಳಿ ಬನೀನಿಗೆ ಒರೆಸಿಕೊಂಡೆ. ಅದು ಈಗ ನೆಲ ಒರೆಸುವ ಬಟ್ಟೆಯಾಗಿದೆ.

ದಾವಣಗೆರೆಗೆ ಬಂದು ಸೈಕಲ್ ಶಾಪಿಗೆ ಹೋದರೆ ಅಲ್ಲಿನ ಹುಡುಗ ಹೇಳಿದ್ದೂ ಯಜಮಾನರ ಮಾತನ್ನೇ. ಸೈಕಲ್ಲನ್ನು ಸ್ಟ್ಯಾಂಡಿಗೆ ನೇತುಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿದ. "ನೋಡಿ ಸಾರ್, ಹಿಂದಿನ ಗೇರು ಕೆಳಗಿನ ಸಡಿಲ ಚೈನನ್ನ ತಳ್ಳುತ್ತೆ. ಮುಂದಿನದು ಮೇಲಿನ ಬಿಗಿ ಚೈನನ್ನ ತಳ್ಬೇಕು. ನೀವು ನಿಂತು ತುಳೀತಿದ್ರೆ ಅದು ಪಾಪ ಏನ್ಮಾಡುತ್ತೆ? ಏರು ಶುರು ಆಗೋಕೆ ಮುಂಚೆ, ಕಾಲು ಹಗುರ ಮಾಡಿ, ಪೆಡಲ್ ತಿರುಗಿಸ್ತಾನೇ ಒತ್ತಿ." ನನ್ನ ಕರ್ ಕರ್ ಸದ್ದಿಗೂ ಸಣ್ಣ ಲಿವರನ್ನು ಮೆಲ್ಲಗೆ ಅರ್ಧ ಒತ್ತಿದರೆ ಸಾಕಿತ್ತಂತೆ. ಚೈನು ಉಜ್ಜುತ್ತಿದ್ದ ಪಟ್ಟಿ ಒಂದು ಕೂದಲೆಳೆ ಸರಿಯುತ್ತದೆ. ಆದರೂ ದೊಡ್ಡದಕ್ಕೆ ದೊಡ್ಡದು ಸೇರಿಸಿ ಓಡಿಸಬೇಡಿ, ಚೈನು ಅಡ್ಡಡ್ಡ ಎಳೆದು ಬೇಗ ಸವೆಯುತ್ತೆ ಅಂದ.

ಆಮೇಲೆ ಬಗ್ಗಿ ನೋಡಿ ಮುಖ ಗಂಟಿಕ್ಕಿದ. "ಎಲ್ ಸ್ಕ್ರೂ ಯಾರು ಬಿಚ್ಚಿದ್ದು? ಇದು ಬೇಲಿ ಸಾರ್. ಚೈನು ಒಳಗಡೆ ಬೀಳದ ಹಾಗೆ ತಡೆಯೋದೇ ಇದು."

"ನಮ್ಮ ಅಕ್ಕನ ಮಗ" ಅಂದೆ. ಬೆಂಗಳೂರಿಗೆ ಕೇಳಿಸುವುದಿಲ್ಲವಲ್ಲ.

ಮನೆಗೆ ಬಂದು ಹಲ್ಲು ಎಣಿಸಿದೆ. ಮುಂದೆ 50 ಮತ್ತು 34. ಹಿಂದೆ ಅತಿ ಸಣ್ಣದು 11, ಅತಿ ದೊಡ್ಡದು 28. ಅತಿ ಬಿಗಿ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು ಒಂಬತ್ತೂವರೆ ಮೀಟರ್ ಓಡುವ ಸೈಕಲ್ಲು, ಅತಿ ಹಗುರದಲ್ಲಿ ಎರಡೂವರೆ ಮೀಟರ್ ತೆವಳುತ್ತದೆ. ನಾನು ಜೋಗಿಮಟ್ಟಿಯನ್ನು ಸುತ್ತಿಗೆ ಮುಕ್ಕಾಲು ಕಮ್ಮಿ ನಾಲ್ಕು ಮೀಟರ್ ಅಲ್ಲ, ಮೂರು ಮುಕ್ಕಾಲು ಮೀಟರಿನ ಲೆಕ್ಕದಲ್ಲಿ ಹತ್ತಲು ಹೋಗಿದ್ದೆ. ನೋಡಿ, ಲೆಕ್ಕ ಹೇಳುವಾಗಲೂ ಚೈನು ಬೀಳುತ್ತದೆ. ಇನ್ನು ಚೈನನ್ನು ಚಕ್ರದಿಂದ ಚಕ್ರಕ್ಕೆ ತಳ್ಳುವ ಈ ಸಾಮಾನಿನ ಹೆಸರು ಡೀರೇಲರ್. ಫ್ರೆಂಚಿನಲ್ಲಿ ಹಳಿ ತಪ್ಪಿಸುವುದು ಅಂತಲೇ ಅರ್ಥ. ಟೂರ್ ಡಿ ಫ್ರಾನ್ಸ್ ರೇಸಿನವರು ಕೂಡ ಇದನ್ನು 1937ರಲ್ಲಷ್ಟೇ ಒಳಗೆ ಬಿಟ್ಟುಕೊಂಡರು. ಹೆಸರಲ್ಲೇ ಹಳಿ ತಪ್ಪಿಸುತ್ತೇನೆ ಅಂತ ಹೇಳಿಕೊಂಡಿರುವಾಗ ಅದನ್ನು ಬೈದು ಏನು ಪ್ರಯೋಜನ?

ಈಗ ರೈಲ್ವೆ ಅಂಡರ್‌ಪಾಸ್ ಹತ್ತುವ ಮುಂಚೆಯೂ ಎಡಗೈ ಆಡಿಸುತ್ತೇನೆ. ಅಗತ್ಯ ಇಲ್ಲ, ಆದರೂ. ಮೊನ್ನೆ ಫೋನಿನಲ್ಲಿ ಅಕ್ಕನ ಮಗನಿಗೆ ಇದನ್ನೆಲ್ಲ ಕೊಚ್ಚಿಕೊಂಡೆ. ಅವನು ನಕ್ಕ. "ಮಾಮ, ಈಗ ಎಷ್ಟೋ ಹೊಸ ಸೈಕಲ್‌ಗಳಲ್ಲಿ ಮುಂದೆ ಒಂದೇ ಚಕ್ರ. ಎಡಗೈಗೆ ಗೇರೇ ಇಲ್ಲ, ಬರೀ ಬ್ರೇಕು."

"ಆರು ತಿಂಗಳು ನಾನು ಓಡಿಸಿದ್ದು ಅದನ್ನೇ ಕಣೋ" ಅಂದೆ.