ಕರಡಿ ಎಲ್ಲಿಂದ ಬಂತು ಸ್ವಾಮಿ?

ಕಳೆದ ವಾರ ರಾತ್ರಿ ಹನ್ನೊಂದಕ್ಕೆ ನ್ಯೂಜೆರ್ಸಿಯಿಂದ ಅಕ್ಕನ ಮಗಳ ಫೋನ್ ಬಂತು. ಆ ಹೊತ್ತಿನಲ್ಲಿ ಅಮೆರಿಕದಿಂದ ಫೋನ್ ಬಂದರೆ ನಮ್ಮ ಮನೆಯಲ್ಲಿ ಮೊದಲು ಎದೆ ಹಿಡಿದುಕೊಳ್ಳುತ್ತೇವೆ, ಆಮೇಲೆ ಹಲೋ ಅನ್ನುತ್ತೇವೆ. ಹುಡುಗಿಯ ದನಿ ನಡುಗುತ್ತಿತ್ತು.

"ಮಾಮ, ಇದೇನು ಮಾಮ? ಆರು ಸೀಸನ್ ನೋಡಿದ್ದು ಒಂದು ಗುಂಡಿಯೊಳಗಿನ ಲೈಟ್ ನೋಡೋಕಾ?"

ಸದ್ಯ. ಯಾರಿಗೂ ಏನೂ ಆಗಿಲ್ಲ. ಹುಡುಗಿ 'ಲಾಸ್ಟ್' ನೋಡುತ್ತಿದ್ದಾಳೆ.

ಈ ಸೀರಿಯಲ್ 2024ರ ಜುಲೈಯಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್‌ಗೆ ಬಂತು. ಮೊದಲ ಸಲ ಎಬಿಸಿ ಚಾನೆಲ್ಲಿನಲ್ಲಿ ಶುರುವಾದ 2004ರಲ್ಲಿ ಇವಳು ಅಂಬೆಗಾಲಿಡುತ್ತಿದ್ದಳು. ಈಗ ಕೆಲಸಕ್ಕೆ ಸೇರಿ, ಗೆಳತಿಯರ ಜತೆ ಕೂತು ಒಂದೊಂದೇ ಸೀಸನ್ ಮುಗಿಸಿ, ಆರನೇ ಸೀಸನ್ನಿನ 'ಅಕ್ರಾಸ್ ದ ಸೀ' ಎಂಬ ಎಪಿಸೋಡಿನ ಹತ್ತಿರ ಬಂದು ಮುಗ್ಗರಿಸಿದ್ದಾಳೆ. ನಾನು 2010ರ ಮೇ 12ರಂದು ಸರಿಯಾಗಿ ಅದೇ ಜಾಗದಲ್ಲಿ ಬಿದ್ದಿದ್ದೆ. ಗುಂಡಿ ಅದೇ, ಬೀಳುವವರು ಮಾತ್ರ ಹೊಸಬರು. ಬೆಂಗಳೂರಿನವನಿಗೆ ಇದೇನು ಹೊಸತಲ್ಲ ಬಿಡಿ.

ನೋಡದವರಿಗಾಗಿ ಕಥೆ ಹೇಳುತ್ತಾ ಕೂರುವುದಿಲ್ಲ. ವಿಮಾನ ಬಿತ್ತು, ದ್ವೀಪ ಸಿಕ್ಕಿತು, ಹಿಮಕರಡಿ ಓಡಿ ಬಂತು, ಕಪ್ಪು ಹೊಗೆ ಮರ ಕಿತ್ತು ಬಿಸಾಡಿತು. ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ಪುಣ್ಯವಂತರು, ಹೋಗಿ ಮಲಗಿ.

ಆ ಎಪಿಸೋಡಿಗೆ ಅಭಿಮಾನಿಗಳು ಅಷ್ಟು ಉರಿದುಬಿದ್ದದ್ದಕ್ಕೆ ಕಾರಣ ಇತ್ತು. ಹಿಂದಿನ ವಾರವಷ್ಟೇ ಸಯೀದ್, ಜಿನ್, ಸನ್ ಎಂಬ ಮೂರು ಮುಖ್ಯ ಪಾತ್ರಗಳು ಸಬ್‌ಮರೀನಿನಲ್ಲಿ ಸತ್ತಿದ್ದವು. ಸಯೀದನ ಪಾತ್ರ ಮಾಡಿದ ನವೀನ್ ಆಂಡ್ರ್ಯೂಸ್ ಅವರ ಅಪ್ಪ ಅಮ್ಮ ಕೇರಳ ಮೂಲದವರು. ಹಾಗಾಗಿ ನಮ್ಮ ಆಫೀಸಿನ ಮಲಯಾಳಿ ಗೆಳೆಯ ಆ ವಾರ ಮೀನು ಊಟವನ್ನೇ ಬಿಟ್ಟಿದ್ದ. ಇನ್ನು ಮೂರೇ ಕಂತು ಬಾಕಿ. ಸೂತಕದ ಮನೆಯಲ್ಲಿ ಕೂತವರ ಹಾಗೆ ಕಾಯುತ್ತಿದ್ದೆವು. ಮುಂದಿನ ವಾರ ನೋಡಿದರೆ ನಮ್ಮ ನಾಯಕರು ಯಾರೂ ಇಲ್ಲ! ಯಾವುದೋ ಕಾಲದ ಒಬ್ಬ ಬಸುರಿ ದಡಕ್ಕೆ ಬಂದು ಬೀಳುತ್ತಾಳೆ. ಲ್ಯಾಟಿನ್ ಮಾತಾಡುತ್ತಾಳೆ. ಒಬ್ಬಳು ಹೆಂಗಸು ಬಂದು ಹೆರಿಗೆ ಮಾಡಿಸುತ್ತಾಳೆ. ಗಂಡು ಮಗು. ಜೇಕಬ್ ಎಂದು ಹೆಸರಿಡುತ್ತಾರೆ. ಆಮೇಲೆ ನೋಡಿದರೆ ಹೊಟ್ಟೆಯಲ್ಲಿ ಇನ್ನೊಂದಿದೆ. ಬಾಣಂತಿ ಹೇಳುತ್ತಾಳೆ, ನಾನು ಒಂದೇ ಹೆಸರು ಯೋಚಿಸಿದ್ದೆ.

ಒಂದೇ ಹೆಸರು!

ನಮ್ಮಲ್ಲಿ ಮಗು ಹುಟ್ಟುವ ಮೊದಲೇ ಗಂಡಾದರೆ ಎಂಟು, ಹೆಣ್ಣಾದರೆ ಹನ್ನೆರಡು ಹೆಸರಿನ ಚೀಟಿ ಸಿದ್ಧವಾಗಿರುತ್ತದೆ. ತಾತನ ಹೆಸರು ಒಂದು, ಮನೆದೇವರ ಹೆಸರು ಒಂದು, ನಕ್ಷತ್ರದ ಅಕ್ಷರಕ್ಕೆ ಒಂದು, ಅತ್ತೆ ಕಿವಿಯಲ್ಲಿ ಉಸುರಿದ್ದು ಒಂದು, ಕೊನೆಗೆ ಎಲ್ಲರೂ ಕರೆಯುವ ಪುಟ್ಟ ಎನ್ನುವುದು ಇನ್ನೊಂದು. ಇಲ್ಲಿ ಮಾತ್ರ ಅಷ್ಟು ದೊಡ್ಡ ಖಳನಾಯಕ, ಆ ಕಪ್ಪು ಹೊಗೆಯೇ ಆಗಿಹೋದ ಮನುಷ್ಯ, ಬದುಕಿಡೀ ಹೆಸರಿಲ್ಲದೆ ಓಡಾಡುತ್ತಾನೆ. ನಲವತ್ತು ವರ್ಷ ದಾಟಿದರೂ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದೂರದಲ್ಲಿದ್ದರೆ ಹೇಗೆ ಕರೆಯುತ್ತಿದ್ದರೋ. 'ಲೇ' ಎನ್ನುತ್ತಿದ್ದರೇನೋ. ಅವನಿಗೆ ರೇಷನ್ ಕಾರ್ಡ್ ಮಾಡಿಸಬೇಕಾಗಿ ಬಂದಿದ್ದರೆ ಜೇಕಬ್‌ಗಿಂತ ಮೊದಲೇ ಹೊಗೆಯಾಗುತ್ತಿದ್ದ.

ನಮ್ಮಮ್ಮನ ವಿಷಯ ಹೇಳಲೇಬೇಕು. ನಾನು ಆಗ ರಾತ್ರಿ ಊಟಕ್ಕೆ ಕೂತು ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡುತ್ತಿದ್ದೆ. ಅಮ್ಮನಿಗೆ ಈ ಸೀರಿಯಲ್ಲಿನ ಹೆಸರೇ ದೊಡ್ಡ ತಕರಾರು. "ಲಾಸ್ಟ್ ಲಾಸ್ಟ್ ಅಂತೀಯ, ವರ್ಷಗಟ್ಟಲೆ ನೋಡ್ತಾನೇ ಇದ್ದೀಯ. ಲಾಸ್ಟ್ ಬರೋದು ಯಾವಾಗ?" ಅದು ಆ ಲಾಸ್ಟ್ ಅಲ್ಲಮ್ಮ, ಕಳೆದುಹೋದವರು ಅಂತ, ಎಂದರೆ, "ಕಳೆದುಹೋದವರನ್ನ ಹುಡುಕೋಕೆ ಯಾರೂ ಬರಲ್ವಾ?" ಎನ್ನುತ್ತಿದ್ದರು. ಆವತ್ತು ಸಾರು ಬಡಿಸಲು ಬಂದವರು ಹೆರಿಗೆಯ ದೃಶ್ಯ ಕಂಡು ಅಲ್ಲೇ ನಿಂತರು. ಎರಡನೇ ಮಗು ಹುಟ್ಟಿದ ಕೂಡಲೇ ಸೂಲಗಿತ್ತಿ ಕಲ್ಲೆತ್ತಿ ಬಾಣಂತಿಯ ತಲೆ ಒಡೆದಳು. ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಇಡೀ ಎಪಿಸೋಡ್ ನಿಂತುಕೊಂಡೇ ನೋಡಿದರು. ಆ ಹೆಂಗಸು ಹುಡುಗರನ್ನು ಸಾಕಿ, ಗುಹೆಯೊಳಗಿನ ಬಂಗಾರದ ಬೆಳಕು ತೋರಿಸಿ, ಇದು ಆರಿದರೆ ಎಲ್ಲೆಲ್ಲೂ ಆರುತ್ತದೆ, ಇದನ್ನು ಕಾಯಬೇಕು ಎಂದಾಗ ಅಮ್ಮ ಒಂದೇ ಮಾತು ಕೇಳಿದರು.

"ಬಾಣಂತಿ ತಲೆ ಒಡೆದೋಳಿಗೆ ದೀಪ ಕಾಯೋ ಕೆಲಸ ಕೊಟ್ಟೋರು ಯಾರು?"

ಬೆಳಕು ಏನು, ಎಲ್ಲಿಂದ ಬಂತು, ನೀರಿನಲ್ಲಿ ಯಾಕೆ ಆರುವುದಿಲ್ಲ ಎಂದು ಆ ವಾರ ಲೋಕವೆಲ್ಲ ಕೂಗಾಡಿತು. ನಮ್ಮಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ ಎಂದು ನನಗೆ ಈಗಲೂ ಅನಿಸುತ್ತದೆ.

ಅಭಿಮಾನಿಗಳ ಶ್ರಮಕ್ಕೆ ಮಾತ್ರ ನಾನು ಕೈ ಮುಗಿಯುತ್ತೇನೆ. ಎರಡನೇ ಸೀಸನ್ನಿನಲ್ಲಿ ಲಾಕ್ ಎಂಬ ಪುಣ್ಯಾತ್ಮ ಕಬ್ಬಿಣದ ಬಾಗಿಲಿನಡಿ ಕಾಲು ಸಿಕ್ಕಿಸಿಕೊಂಡು ಒದ್ದಾಡುವಾಗ ಬಾಗಿಲ ಮೇಲೊಂದು ನಕ್ಷೆ ಕೆಲವೇ ಕ್ಷಣ ಮಿಂಚಿ ಮಾಯವಾಗುತ್ತದೆ. ಇವರು ಅವನ ಕಾಲು ಏನಾಯಿತು ಎಂದು ನೋಡಲಿಲ್ಲ. ಚಿತ್ರ ನಿಲ್ಲಿಸಿ, ಹಿಗ್ಗಿಸಿ, ಮೂಲೆಯಲ್ಲಿ ಗೀಚಿದ ಲ್ಯಾಟಿನ್ ಸಾಲುಗಳನ್ನೆಲ್ಲ ಓದಿ ಅರ್ಥ ಬರೆದರು. ಇದೇ ಶ್ರದ್ಧೆಯಿಂದ ನಾನು ಮನೆ ಕೊಳ್ಳುವ ಕರಾರುಪತ್ರ ಓದಿದ್ದಿದ್ದರೆ ಇವತ್ತು ಕಾರ್ ಪಾರ್ಕಿಂಗ್ ಇರುತ್ತಿತ್ತು.

ಇನ್ನು ಅಸ್ಥಿಪಂಜರದ ಪ್ರಕರಣ. 2004ರಲ್ಲೇ ಗುಹೆಯೊಂದರಲ್ಲಿ ಎರಡು ಅಸ್ಥಿಪಂಜರ ಸಿಕ್ಕಿದ್ದವು. ಕಥಾನಾಯಕ ಡಾಕ್ಟರ್ ಜಾಕ್ ಬಟ್ಟೆ ಮುಟ್ಟಿ ನೋಡಿ, ಇಷ್ಟು ಲಡ್ಡಾಗಲು ನಲವತ್ತು ಐವತ್ತು ವರ್ಷ ಬೇಕು ಎಂದಿದ್ದ. ಆರು ವರ್ಷ ಬಿಟ್ಟು 'ಅಕ್ರಾಸ್ ದ ಸೀ'ಯಲ್ಲಿ ಗೊತ್ತಾಯಿತು, ಅವು ಆ ಸೂಲಗಿತ್ತಿ ಮತ್ತು ಹೆಸರಿಲ್ಲದ ಮಗನದ್ದು. ಅಂದರೆ ನೂರಾರು ವರ್ಷ ಹಿಂದಿನವು. ತಗೊಳ್ಳಿ! ಜಾಕ್ ಸುಳ್ಳು ಹೇಳಿದನೇ, ಬರೆದವರು ಮರೆತರೇ, ಬಟ್ಟೆ ಯಾವ ನೂಲಿನದು? ಹೊಗೆಯೊಂದು ಮನುಷ್ಯರ ಕೈಕಾಲು ಹಿಡಿದು ಬಡಿಯುತ್ತದೆ, ಅದಕ್ಕೆ ಯಾರದೂ ಆಕ್ಷೇಪ ಇಲ್ಲ. ಬಟ್ಟೆ ಲಡ್ಡಾಗುವ ಲೆಕ್ಕ ತಪ್ಪಬಾರದು. ಜಾಕ್ ಬೆನ್ನುಮೂಳೆಯ ಸರ್ಜನ್ ಕಣ್ರೀ, ಬಟ್ಟೆ ಅಂಗಡಿಯವನಲ್ಲ.

ಎಲ್ಲಕ್ಕಿಂತ ದೊಡ್ಡವರು ಕರಡಿ ಪಾರ್ಟಿ. ಕೊನೆಯ ಕಂತು ಮುಗಿದ ದಿನದಿಂದ ಇವತ್ತಿನವರೆಗೂ ಅವರದು ಒಂದೇ ಘೋಷಣೆ, ಹಿಮಕರಡಿ ಎಲ್ಲಿಂದ ಬಂತು ಹೇಳಲೇ ಇಲ್ಲ! ಹೇಳಿದ್ದಾರೆ ಸ್ವಾಮಿ. ಧರ್ಮ ಇನಿಶಿಯೇಟಿವ್ ಎಂಬ ಸಂಶೋಧಕರ ತಂಡ ಅವನ್ನು ತಂದು ಬೋನಿನಲ್ಲಿಟ್ಟಿತ್ತು. ಮೂರನೇ ಸೀಸನ್ನಿನ ಮೊದಲ ಕಂತಿನಲ್ಲೇ ವಿಮಾನದಿಂದ ಬಿದ್ದವರಲ್ಲೊಬ್ಬನಾದ ಸಾಯರ್ ಅದೇ ಬೋನಿನಲ್ಲಿ ಬಿಸ್ಕತ್ ತೆಗೆಯಲು ಒದ್ದಾಡುವಾಗ, ಕರಡಿಗಳಿಗೆ ಎರಡೇ ಗಂಟೆ ಹಿಡಿದಿತ್ತು ಎಂದು ಅವನನ್ನು ಕೂಡಿಹಾಕಿದವರು ಗೇಲಿ ಮಾಡುತ್ತಾರೆ. ಅದು 2006. ಸಾಲದು ಎಂದು 2010ರ ಆಗಸ್ಟಿನಲ್ಲಿ ಡಿವಿಡಿ ಜತೆ ಒಂದು ಪುಟ್ಟ ಕಂತು ಕೊಟ್ಟು, ಮಕ್ಕಳಿಗೆ ಹೇಳುವ ಹಾಗೆ ಮತ್ತೆ ಕರಡಿಪಾಠ ಮಾಡಿದರು. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ಸೀತೆಗೂ ರಾಮನಿಗೂ ಏನು ಸಂಬಂಧ ಎಂದವನಾದರೂ ನಿದ್ದೆಗಣ್ಣಿನಲ್ಲಿದ್ದ. ಇವರು ಎದ್ದೇ ಇದ್ದರು.

ಆ ಧರ್ಮದವರು ಸಿಕ್ಕವರಿಗೆಲ್ಲ 'ನಮಸ್ತೆ' ಬೇರೆ ಹೇಳುತ್ತಿದ್ದರು. ನಮ್ಮ ಆಫೀಸಿನಲ್ಲಿ ಅದಕ್ಕೇ ಒಬ್ಬರ ಎದೆ ಎರಡಿಂಚು ಉಬ್ಬಿತ್ತು. ಕರಡಿಯನ್ನು ಕೂಡಿಹಾಕಿ ಬಿಸ್ಕತ್ ತೋರಿಸುವುದರಲ್ಲಿ ನಮ್ಮ ಸಂಸ್ಕೃತಿ ಎಲ್ಲಿ ಬಂತೋ ಅವರೇ ಹೇಳಬೇಕು.

ಈ ಹುಚ್ಚು ಎಷ್ಟರಮಟ್ಟಿಗೆ ಇತ್ತೆಂದರೆ, 2010ರ ಜನವರಿಯಲ್ಲಿ ಒಬಾಮಾ ತಮ್ಮ ವಾರ್ಷಿಕ ಭಾಷಣವನ್ನು ಫೆಬ್ರವರಿ 2ಕ್ಕೆ ಇಟ್ಟುಕೊಳ್ಳಬಹುದು ಎಂದು ಸುದ್ದಿಯಾಯಿತು. ಕೊನೆಯ ಸೀಸನ್ ಶುರುವಾಗುವುದೂ ಅಂದೇ. ಕೂಗಾಟ ಎದ್ದಿತು. ಕೊನೆಗೆ ಶ್ವೇತಭವನದ ವಕ್ತಾರ ರಾಬರ್ಟ್ ಗಿಬ್ಸ್ ಪತ್ರಕರ್ತರ ಮುಂದೆ ನಿಂತು, ಅಧ್ಯಕ್ಷರಿಂದ ಲಾಸ್ಟ್ ನೋಡುವವರಿಗೆ ತೊಂದರೆ ಆಗುವುದಿಲ್ಲ ಎಂದು ಭರವಸೆ ಕೊಟ್ಟರು. ಭಾಷಣ ಜನವರಿ 27ಕ್ಕೆ ಮುಗಿಯಿತು. ಎರಡು ಯುದ್ಧ ನಡೆಯುತ್ತಿತ್ತು, ಕೆಲಸ ಕಳೆದುಕೊಂಡವರು ಬೀದಿಯಲ್ಲಿದ್ದರು. ಹೊಗೆ ಗೆದ್ದಿತು.

ಸೀರಿಯಲ್ ಮುಗಿದ ಮೇಲೂ ಬಿಡಲಿಲ್ಲ. ಕಥೆಯಲ್ಲಿ ಹರ್ಲಿ ಎಂಬ ಗುಂಡಣ್ಣ 4, 8, 15, 16, 23, 42 ಎಂಬ ಶಾಪಗ್ರಸ್ತ ಸಂಖ್ಯೆ ಬರೆದು ಲಾಟರಿ ಹೊಡೆದು ಬದುಕು ಹಾಳುಮಾಡಿಕೊಳ್ಳುತ್ತಾನೆ. ಇದನ್ನು ನೋಡಿ ಜನ ಕಲಿತ ಪಾಠವೇನು? ಅದೇ ಸಂಖ್ಯೆ ಹಾಕಿ ಲಾಟರಿ ಕೊಳ್ಳುವುದು! 2011ರ ಜನವರಿಯಲ್ಲಿ ಅಮೆರಿಕದ ಮೆಗಾ ಮಿಲಿಯನ್ಸ್ ಲಾಟರಿಯಲ್ಲಿ 4, 8, 15 ಮತ್ತು 42 ಬಂದೇಬಿಟ್ಟವು. ಸಾವಿರಾರು ಜನಕ್ಕೆ ಬಹುಮಾನ. ತಲೆಗೆ ಹೆಚ್ಚುಕಡಿಮೆ 150 ಡಾಲರ್. ಶಾಪ ತಟ್ಟಲೂ ಸಾಲದ ದುಡ್ಡು.

ಕೊನೆಯ ಕಂತಿನ ಮಾತು ಎತ್ತಿದರೆ ಹುಡುಗಿಗೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದು ಫೋನಿನಲ್ಲಿ ಬಾಯಿ ಮುಚ್ಚಿಕೊಂಡೆ. ಇಲ್ಲಿ ಹೇಳಬಹುದು. 2010ರ ಮೇ 23ರಂದು ಕಥೆ ಮುಗಿದ ಮೇಲೆ ಖಾಲಿ ದಡದಲ್ಲಿ ವಿಮಾನದ ಚೂರುಗಳ ಚಿತ್ರ ತೋರಿಸಿದರು. ಅದು ಕಥೆಯ ಭಾಗವೇ ಅಲ್ಲ, ನ್ಯೂಸ್ ಶುರುವಾಗುವ ಮೊದಲು ಜನ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಹಾಕಿದ್ದು ಎಂದು ಚಾನೆಲ್ಲಿನವರೇ ಆಮೇಲೆ ಹೇಳಿದರು. ಯಾರು ಕೇಳುತ್ತಾರೆ? ಎಲ್ಲರೂ ಮೊದಲ ದಿನವೇ ಸತ್ತಿದ್ದರು ಎಂಬ ತೀರ್ಪು ಆಗಲೇ ಬಂದಾಗಿತ್ತು. ಆಗಿದ್ದೆಲ್ಲ ನಿಜ ಎಂದು ಜಾಕ್‌ನ ಅಪ್ಪ ಅದೇ ಕಂತಿನಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ಪಾಪ, ಅವನ ಮಾತನ್ನು ಮಗನೂ ಯಾವತ್ತೂ ಕೇಳಿರಲಿಲ್ಲ.

ಬರೆದವರದು ತಪ್ಪೇ ಇಲ್ಲವಾ? ಇದೆ. ಗಂಟು ಹಾಕುವಾಗ ಬಿಚ್ಚುವ ಯೋಚನೆ ಮಾಡಿರಲಿಲ್ಲ ಎಂಬುದು ಎಷ್ಟೋ ಕಡೆ ಕಾಣುತ್ತದೆ. ಓಡುವ ಕುದುರೆಯನ್ನು ನಿಲ್ಲಿಸಲು ಚಾನೆಲ್ಲಿಗೂ ಮನಸ್ಸಿರಲಿಲ್ಲ. ಎಳೆದೂ ಎಳೆದೂ ಕೊನೆಗೆ ಜಾಕ್‌ನ ತೋಳಿನ ಹಚ್ಚೆಗೆ ಅಂತಲೇ ಒಂದು ಎಪಿಸೋಡ್ ಹೊಸೆಯುವ ಸ್ಥಿತಿ ಬಂತು. ಆ ಹಚ್ಚೆ ನಟನ ಸ್ವಂತದ್ದು! ಆಮೇಲೆ 2007ರ ಮೇ ತಿಂಗಳಲ್ಲಿ, 2010ಕ್ಕೆ ಮುಗಿಸುತ್ತೇವೆ ಎಂದು ದಿನ ಗೊತ್ತುಮಾಡಿದರು. ಈ ಬೆಳಕಿನ ಗುಹೆಯೂ ನನಗೆ ಹಿಡಿಸಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಿತ್ತು. ಅದರಲ್ಲೂ ಆ ಸೂಲಗಿತ್ತಿ, ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ ಅಷ್ಟೇ, ಎನ್ನುತ್ತಾಳಲ್ಲ, ಅಲ್ಲಿ ನನಗೆ ಕೌಂಟರಿನ ಹಿಂದೆ ಕೂತು "ನಾಳೆ ಬನ್ನಿ" ಎನ್ನುವ ಮುಖಗಳೆಲ್ಲ ನೆನಪಾದವು.

ಆದರೂ ಇಲ್ಲಿ ತಮಾಷೆ ನಿಲ್ಲಿಸುತ್ತೇನೆ.

2013ರ ಸೆಪ್ಟೆಂಬರ್ 29ರಂದು 'ಬ್ರೇಕಿಂಗ್ ಬ್ಯಾಡ್' ಎಂಬ ಬೇರೆ ಯಾರದೋ ಸೀರಿಯಲ್ ಚೆನ್ನಾಗಿ ಮುಗಿಯಿತು. ಸಂಭ್ರಮಪಡುವುದು ಬಿಟ್ಟು ಜನ ಆ ರಾತ್ರಿ ಲಾಸ್ಟ್ ಬರೆದ ಡೇಮನ್ ಲಿಂಡೆಲಾಫ್‌ನನ್ನು ಹುಡುಕಿಕೊಂಡು ಹೋಗಿ ಉಗಿದರು. ನೋಡು, ಮುಗಿಸುವುದು ಅಂದರೆ ಹೀಗೆ ಅಂತ. ಮೂರು ವರ್ಷದಿಂದ ಅದೇ ಕೆಲಸ. ಯಾರದೋ ಮಗ ರ‍್ಯಾಂಕ್ ಬಂದರೆ ಪಕ್ಕದ ಮನೆಯ ಹುಡುಗನಿಗೆ ಹೊಡೆದ ಹಾಗೆ. ಕೆಲವೇ ದಿನಗಳಲ್ಲಿ ಅವನು ಟ್ವಿಟರ್ ಬಿಟ್ಟ. ಕೊನೆಯ ಟ್ವೀಟ್‌ನ ಕೊನೆಯ ಪದ ಅರ್ಧಕ್ಕೇ ನಿಂತಿತ್ತು. 'ಬಹಳ ಯೋಚಿಸಿ ನಾನೊಂದು ತೀರ್ಮಾನಕ್ಕೆ' ಎಂದು ಬರೆದಿದ್ದ, ಅಲ್ಲಿಗೆ ಕಟ್.

ಮತ್ತೆ ನಾವು ಯಾರು? ಅಮೆರಿಕದವರಾದರೂ ನಡುವೆ ಜಾಹೀರಾತು ನೋಡಿದ್ದರು. ನಾನು ಒಂದು ಪೈಸೆ ಕೊಟ್ಟಿರಲಿಲ್ಲ. ಟೊರೆಂಟ್ ಹಾಕಿ ಕದ್ದು ನೋಡಿದ್ದು. ಮಂಗಳವಾರ ರಾತ್ರಿ ಅಲ್ಲಿ ಬಂದದ್ದು ಬುಧವಾರ ಸಂಜೆ ನನ್ನ ಪೆನ್‌ಡ್ರೈವ್‌ನಲ್ಲಿ. ಕದ್ದ ಹಲಸಿನ ಹಣ್ಣು ತಿಂದು ತೊಳೆ ಚಿಕ್ಕದಾಯಿತು ಎಂದು ತೋಟದವನ ಮನೆ ಬಾಗಿಲು ಬಡಿದವನು ನಾನು. ಆವತ್ತು ಇಂಗ್ಲಿಷಿನಲ್ಲಿ ಕೆಟ್ಟದಾಗಿ ಏನೇನೋ ಬರೆದಿದ್ದೆ. ಮೊನ್ನೆ ಹುಡುಕಿ ಓದಿದೆ. ನಾಚಿಕೆಯಾಯಿತು, ವ್ಯಾಕರಣಕ್ಕೂ ಸೇರಿಸಿ.

ಅಮ್ಮ ನೋಡುವ ಕನ್ನಡ ಸೀರಿಯಲ್ಲುಗಳಲ್ಲಿ ಈ ಕಾಟ ಇಲ್ಲ. ಬೆಳಗಾಗುವಷ್ಟರಲ್ಲಿ ಗಂಡನ ಮುಖವೇ ಬದಲಾಗಿರುತ್ತದೆ. ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು ಎಂದು ಕೆಳಗೊಂದು ಸಾಲು ಓಡುತ್ತದೆ, ಹೆಂಡತಿ ಅದೇ ಕಾಫಿ ತಂದುಕೊಡುತ್ತಾಳೆ. ಬೆಟ್ಟದಿಂದ ಬಿದ್ದು ಸತ್ತವನು ಇನ್ನೂರು ಕಂತು ಬಿಟ್ಟು ಗಡ್ಡ ಬಿಟ್ಟುಕೊಂಡು ಬರುತ್ತಾನೆ. ಇದು ಹೇಗಮ್ಮ ಸಾಧ್ಯ ಎಂದರೆ, "ಬದುಕಿ ಬಂದ್ನಲ್ಲ, ನಿನಗೇನು ಕಷ್ಟ?" ಎನ್ನುತ್ತಾರೆ. ನಾನು ತೆಪ್ಪಗಾಗುತ್ತೇನೆ.

ಹುಡುಗಿಗೆ ಸಮಾಧಾನ ಹೇಳುವಷ್ಟರಲ್ಲಿ ಹನ್ನೆರಡಾಯಿತು. "ಇನ್ನೆರಡು ಕಂತಿದೆ, ನೋಡಿ ಮುಗಿಸು ಪುಟ್ಟಿ" ಎಂದೆ. "ಅದರಲ್ಲಾದ್ರೂ ಕರಡಿ ಎಲ್ಲಿಂದ ಬಂತು ಅಂತ ಹೇಳ್ತಾರಾ ಮಾಮ?" ಎಂದಳು. ನಾನು ಫೋನ್ ಗೋಡೆಗೆ ಬಡಿಯಲಿಲ್ಲ. ಇಎಂಐ ಇನ್ನೂ ಬಾಕಿ ಇದೆ.

ಮಾತು ಕೇಳಿ ಅಮ್ಮ ಎದ್ದು ಬಂದರು. ಈಗ ಕಿವಿ ಸ್ವಲ್ಪ ಮಂದ.

"ಯಾರು, ಪುಟ್ಟಿನಾ? ಏನಂತೆ?"

"ಏನಿಲ್ಲಮ್ಮ, ಆ ದ್ವೀಪದ ಸೀರಿಯಲ್ ನೋಡ್ತಿದ್ದಾಳೆ. ಸೂಲಗಿತ್ತಿ ಕಲ್ಲು ಎತ್ತಿ ಹಾಕಿದ್ಲಲ್ಲ, ಅದು."

ಅಮ್ಮ ಕ್ಷಣ ಯೋಚಿಸಿದರು.

"ಆ ಎರಡನೇ ಮಗೂಗೆ ಕೊನೆಗೆ ಹೆಸರಿಟ್ರಾ?"

"ಇಲ್ಲಮ್ಮ."

"ಅಯ್ಯೋ ಪಾಪ" ಎಂದು ಲೈಟ್ ಆರಿಸಿ ಹೋದರು.