ಅವಳನ್ನು ಅವಳಾಗಿಯೇ ಇರಲು ಬಿಡಿ

ಪ್ಯಾಲೆಸ್ಟೈನಿನ ಕವಿ ಮಹಮೂದ್ ದರ್ವೀಶ್ 2001ರ ಒಂದು ಸಂದರ್ಶನದಲ್ಲಿ ತನ್ನ ಓದುಗರ ಬಗ್ಗೆ ದೂರಿಕೊಂಡಿದ್ದರು. ಬರೆಯುವ ಮೊದಲೇ ತನ್ನನ್ನು ಓದಿ ಮುಗಿಸಿರುತ್ತಾರೆ, ತಾಯಿಯ ಬಗ್ಗೆ ಬರೆದರೆ ಅದನ್ನು ಪ್ಯಾಲೆಸ್ಟೈನ್ ಎಂದುಕೊಳ್ಳುತ್ತಾರೆ, ಆದರೆ ನನ್ನ ಕವಿತೆಯಲ್ಲಿ ತಾಯಿ ಎಂದರೆ ನನ್ನ ತಾಯಿ, ಸಂಕೇತವಲ್ಲ ಎಂಬುದು ಅವರ ಅಳಲು. ತಾಯಿಗೇ ಈ ಗತಿಯಾದರೆ ಪ್ರೇಯಸಿಯ ಪಾಡೇನು? ದರ್ವೀಶರ ಯಾವ ಪ್ರೇಮಕವಿತೆ ನಮ್ಮ ಫೇಸ್‌ಬುಕ್ ಗೋಡೆಗಳಲ್ಲಿ ಕಾಣಿಸಿಕೊಂಡರೂ ಕೆಳಗೆ ಯಾರಾದರೂ ಬಂದು "ಇಲ್ಲಿ ಅವಳೆಂದರೆ ತಾಯ್ನಾಡು" ಎಂದು ಬರೆದು ಹೋಗುತ್ತಾರೆ. ಅಲ್ಲಿಗೆ ಕವಿತೆಯ ಕಥೆ ಮುಗಿಯಿತು. ಈ ಬಗೆಯ ಓದಿನ ಬಗ್ಗೆ ನನಗೆ ನಿಜವಾದ ತಕರಾರಿದೆ.

ಈ ರೂಪಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅರಬ್ಬೀ ಕಾವ್ಯ ಹುಟ್ಟಿದ್ದೇ ಅಲ್ಲಿಂದ ಎನ್ನಬಹುದು. ಇಸ್ಲಾಮಿಗೂ ಮೊದಲಿನ, ಆರನೆಯ ಶತಮಾನದ ಕವಿ ಇಮ್ರು ಅಲ್-ಕೈಸ್ ತನ್ನ ಪ್ರಸಿದ್ಧ ಕವಿತೆಯನ್ನು ಆರಂಭಿಸುವುದೇ ಜೊತೆಗಾರರನ್ನು ತಡೆದು ನಿಲ್ಲಿಸಿ. ನಿಲ್ಲಿ, ಪ್ರಿಯೆಯನ್ನೂ ಅವಳಿದ್ದ ನೆಲೆಯನ್ನೂ ನೆನೆದು ಅಳೋಣ ಎನ್ನುತ್ತಾನೆ. ಗುಡಾರ ಕಿತ್ತುಕೊಂಡು ಹೋದ ಕುಲ, ಮರಳಿನಲ್ಲಿ ಉಳಿದ ಬಿಡಾರದ ಗುರುತು, ಹೋದ ಹೆಣ್ಣು, ಎಲ್ಲವೂ ಒಂದೇ ಉಸಿರಿನಲ್ಲಿ. ಅಲ್ಲಿಂದ ಮುಂದೆ ಶತಮಾನಗಳವರೆಗೆ ಅರಬ್ಬೀ ಕವಿಗಳು ಪಾಳುಬಿದ್ದ ಬಿಡಾರದ ಮುಂದೆ ನಿಂತೇ ಮಾತು ತೆಗೆದಿದ್ದಾರೆ.

ಇದು ನಮಗೂ ಹೊಸದಲ್ಲ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ಹತ್ತನೆಯ ಶತಮಾನದಲ್ಲಿ ಬನವಾಸಿಯನ್ನು ನೆನೆಯುವ ಪದ್ಯವನ್ನು ಮತ್ತೊಮ್ಮೆ ಓದಿ. ತೆಂಕಣ ಗಾಳಿ ಸೋಕಿದರೆ, ಒಳ್ಳೆಯ ನುಡಿ ಕೇಳಿದರೆ, ಇಂಪಾದ ಹಾಡು ಕಿವಿಹೊಕ್ಕರೆ, ಬಿರಿದ ಮಲ್ಲಿಗೆ ಕಂಡರೆ, ವಸಂತೋತ್ಸವ ಬಂದರೆ. ಇವೆಲ್ಲ ವಿರಹಿಯನ್ನು ಕಾಡಲು ನಮ್ಮ ಕಾವ್ಯ ಇಟ್ಟುಕೊಂಡ ಸಾಮಗ್ರಿಗಳು. ಪಂಪ ಅವನ್ನೆಲ್ಲ ಒಂದು ದೇಶಕ್ಕಾಗಿ ಹರಡಿ, ಯಾರು ಅಂಕುಶ ಇಟ್ಟರೂ ಮನಸ್ಸು ನೆನೆಯುವುದು ಅದನ್ನೇ ಎನ್ನುತ್ತಾನೆ. ಊರಿಗಾಗಿ ಅವನು ಪಡುವ ಹಂಬಲ ಪ್ರಣಯಿಯದು. ಆಮೇಲೆ ಆಧುನಿಕ ಕನ್ನಡದಲ್ಲಿ ನಾಡು ಬಹುಮಟ್ಟಿಗೆ ತಾಯಿಯಾಯಿತು. ಪ್ರತಿ ನವೆಂಬರಿನಲ್ಲಿ ನಾವು ಹಾಡುವುದೆಲ್ಲ ತಾಯಿಯನ್ನೇ. ತಾಯಿಯ ಮೇಲೆ ಮಗುವಿಗೆ ಹುಟ್ಟಿನಿಂದಲೇ ಹಕ್ಕಿದೆ, ಅದನ್ನು ಯಾರೂ ಕೇಳುವುದಿಲ್ಲ. ಪ್ರೇಮಿಗೆ ಅಂಥ ಹಕ್ಕೇನೂ ಇಲ್ಲ. ಅವನನ್ನು ಹೊಸ್ತಿಲಾಚೆ ನಿಲ್ಲಿಸಬಹುದು, ಅವಳನ್ನು ಬೇರೊಬ್ಬರು ಕರೆದೊಯ್ಯಬಹುದು. ನೆಲವನ್ನು ನಿಜವಾಗಿ ಕಳೆದುಕೊಂಡವರು ಪ್ರೇಯಸಿಯ ರೂಪಕಕ್ಕೆ ಮತ್ತೆ ಮತ್ತೆ ಮರಳುವುದು ಇದಕ್ಕೇ ಎಂದು ನನಗನ್ನಿಸುತ್ತದೆ.

ದರ್ವೀಶ್ ಹುಟ್ಟಿದ್ದು 1941ರಲ್ಲಿ, ಗಲಿಲೀ ಪ್ರಾಂತದ ಅಲ್-ಬಿರ್ವಾ ಎಂಬ ಹಳ್ಳಿಯಲ್ಲಿ. 1948ರಲ್ಲಿ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ, ಕುಟುಂಬ ಲೆಬನಾನಿಗೆ ಓಡಿತು, ಕೆಲಕಾಲದ ನಂತರ ಗುಟ್ಟಾಗಿ ಹಿಂದಿರುಗಿತು. ಅಷ್ಟರಲ್ಲಿ ಹಳ್ಳಿ ನೆಲಸಮವಾಗಿತ್ತು. ಇಸ್ರೇಲಿನ ಕಾನೂನಿನ ಕಣ್ಣಿನಲ್ಲಿ ಇಂಥವರು ದೇಶದೊಳಗೇ ಇದ್ದೂ ಗೈರುಹಾಜರಾದವರು. ತಮ್ಮ ಹೊಲ ಕಣ್ಣೆದುರೇ ಇದ್ದರೂ ಅದರ ಮೇಲೆ ಅಧಿಕಾರವಿಲ್ಲ. ಇಂಥ ಸ್ಥಿತಿಯಲ್ಲಿ ಬೆಳೆದ ಹುಡುಗ 1966ರಲ್ಲಿ ತನ್ನನ್ನು ಪ್ಯಾಲೆಸ್ಟೈನಿನ ಪ್ರೇಮಿ ಎಂದು ಕರೆದುಕೊಂಡು ಬರೆದ ಕವಿತೆಯಲ್ಲಿ ಪ್ರಿಯೆಯ ಕಣ್ಣು, ಹಚ್ಚೆ, ಹೆಸರು, ದನಿ ಎಲ್ಲವೂ ಪ್ಯಾಲೆಸ್ಟೈನಿನದೇ ಆಗಿಬಿಡುತ್ತವೆ. ಆ ಕವಿತೆಯ ಆವೇಗ ದೊಡ್ಡದು, ಅದನ್ನು ಓದಿದಾಗಲೆಲ್ಲ ಮೈ ಬಿಸಿಯಾಗುತ್ತದೆ. ಆದರೆ ಅದರಲ್ಲಿ ಒಬ್ಬ ಹೆಣ್ಣಿನ ಪರಿಚಯವಾಯಿತೇ ಎಂದು ಕೇಳಿದರೆ ನನಗೆ ಆಗಲಿಲ್ಲ.

ರೀಟಾಳ ಪರಿಚಯವಾಯಿತು. ದರ್ವೀಶರ 1967ರ ಸಂಕಲನದ ಒಂದು ಪುಟ್ಟ ಕವಿತೆಯಲ್ಲಿ ಕವಿಯ ಕಣ್ಣಿಗೂ ರೀಟಾಳಿಗೂ ನಡುವೆ ಒಂದು ಬಂದೂಕಿದೆ. ರೀಟಾ ಎಂಬುದು ಕವಿತೆಗಾಗಿ ಇಟ್ಟ ಹೆಸರು. ಆ ಹೆಸರಿನ ಹಿಂದೆ ದರ್ವೀಶ್ ಪ್ರೀತಿಸಿದ ಒಬ್ಬ ಯಹೂದಿ ಯುವತಿ ಇದ್ದಳು ಎಂಬುದು ಈಗ ಎಲ್ಲರಿಗೂ ಗೊತ್ತಿದೆ. ಲೆಬನಾನಿನ ಗಾಯಕ ಮಾರ್ಸೆಲ್ ಖಲೀಫೆ ಹಾಡಿದ ಮೇಲೆ ಅದು ಅರಬ್ ಜಗತ್ತಿನ ತುಂಬ ಹಬ್ಬಿತು. ಅಲ್ಲಿಯೂ ರೀಟಾ ಎಂದರೆ ಕಳೆದುಹೋದ ನಾಡು ಎಂದು ವಿವರಿಸುವವರಿದ್ದಾರೆ. ಹೇಗೆ ಸಾಧ್ಯ? ಅವಳ ಮತ್ತು ಅವನ ನಡುವೆ ಬಂದು ನಿಂತದ್ದೇ ನಾಡಿನ ಪ್ರಶ್ನೆ. ಅವಳೇ ನಾಡಾಗಿಬಿಟ್ಟರೆ ಆ ಬಂದೂಕಿಗೆ ಕವಿತೆಯಲ್ಲಿ ಕೆಲಸವೇ ಉಳಿಯುವುದಿಲ್ಲ.

ಇಪ್ಪತ್ತೈದು ವರ್ಷಗಳ ನಂತರ, 1992ರ ಸಂಕಲನದಲ್ಲಿ ಅವಳು ಮತ್ತೆ ಬರುತ್ತಾಳೆ. ಚಳಿಗಾಲದ ಒಂದು ಕೋಣೆ. ಕುಡಿಯಲು ಸ್ವಲ್ಪವೇ ವೈನ್. ಅವಳು ಮಾತಾಡುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಮುನಿಯುತ್ತಾಳೆ. ಕೊನೆಗೆ ತನ್ನ ಚಿಕ್ಕ ಪಿಸ್ತೂಲನ್ನು ಅವನ ಕವಿತೆಯ ಕರಡಿನ ಮೇಲಿಟ್ಟು, ಕಾಲುಚೀಲಗಳನ್ನು ಕುರ್ಚಿಯ ಮೇಲೆಸೆದು, ಬರಿಗಾಲಲ್ಲಿ ಹೊರಟುಹೋಗುತ್ತಾಳೆ. ಈ ಮುಕ್ತಾಯವನ್ನು ನಾನು ಎಷ್ಟು ಸಲ ಓದಿದರೂ ಸಾಲುವುದಿಲ್ಲ. ಯುದ್ಧ, ಕಾವ್ಯ, ಮಲಗುವ ಕೋಣೆ ಮೂರೂ ಒಂದೇ ಮೇಜಿನ ಸುತ್ತ ಬಂದು ನಿಂತಿವೆ. ಅಲ್ಲಿ ಹೋದದ್ದು ಒಬ್ಬಳು ಹೆಣ್ಣು. ಅವಳ ಕಾಲುಚೀಲಗಳಿಗೆ ಸಂಕೇತಾರ್ಥ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪಾಕಿಸ್ತಾನದ ಉರ್ದು ಕವಿ ಫೈಜ್ ಅಹಮದ್ ಫೈಜ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಎನ್ನಿಸುತ್ತದೆ. 1951ರಲ್ಲಿ, ಸರ್ಕಾರವನ್ನು ಉರುಳಿಸಲು ಸಂಚು ಹೂಡಿದರೆಂಬ ರಾವಲ್ಪಿಂಡಿ ಪಿತೂರಿ ಪ್ರಕರಣದಲ್ಲಿ ಬಂಧಿತರಾಗಿ ಜೈಲಿನಲ್ಲಿದ್ದ ಕಾಲದ ಸಂಕಲನದಲ್ಲಿ ಅವರದೊಂದು ಕವಿತೆ ಇದೆ. ತನಗೆ ಎರಡು ಪ್ರೇಮಗಳಿದ್ದವು ಎಂದು ಅದು ನೇರವಾಗಿ ಒಪ್ಪಿಕೊಳ್ಳುತ್ತದೆ: ಮೊದಲ ಭಾಗ ಅವಳಿಗೆ, ಎರಡನೆಯದು ನಾಡೆಂಬ ಲೈಲಾಗೆ. ಇಬ್ಬರನ್ನೂ ಒಂದೇ ತೀವ್ರತೆಯಿಂದ ಬಯಸಿದೆ, ಈ ಎದೆಯಲ್ಲಿ ಎಲ್ಲ ಕಲೆಗಳೂ ಇವೆ, ಪಶ್ಚಾತ್ತಾಪದ ಕಲೆ ಒಂದರ ಹೊರತು ಎನ್ನುತ್ತಾರೆ. ಒಂದನ್ನು ಇನ್ನೊಂದರೊಳಗೆ ಕರಗಿಸಲಿಲ್ಲ. ಮುಂದೆ ಇದೇ ಫೈಜ್ ಬೈರೂತಿನಲ್ಲಿ ದರ್ವೀಶರ ಸ್ನೇಹಿತರಾದರು. 1982ರಲ್ಲಿ ಇಸ್ರೇಲ್ ಆ ಊರಿಗೆ ಹಾಕಿದ ಮುತ್ತಿಗೆಯ ಬಗ್ಗೆ ದರ್ವೀಶ್ ಬರೆದ ಗದ್ಯದಲ್ಲಿ ಫೈಜ್, ಈ ಯುದ್ಧವನ್ನು ಊರಿನ ಗೋಡೆಗಳ ಮೇಲೆ ಬರೆಯಬೇಕಾದ ಚಿತ್ರಕಾರರೆಲ್ಲಿ ಎಂದು ಕೇಳುತ್ತಾ ಬರುತ್ತಾರೆ.

ಬೈರೂತ್ ಎಂದಾಗ ಬಲ್ಕೀಸ್ ನೆನಪಾಗಲೇಬೇಕು. ಡಮಾಸ್ಕಸಿನ ಕವಿ ನಿಜಾರ್ ಕಬ್ಬಾನಿಯ ಇರಾಕಿ ಹೆಂಡತಿ. 1981ರ ಡಿಸೆಂಬರಿನಲ್ಲಿ ಬೈರೂತಿನ ಇರಾಕ್ ರಾಯಭಾರ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸತ್ತರು. ಕಬ್ಬಾನಿ ಬರೆದ ದೀರ್ಘ ಶೋಕಗೀತೆಯಲ್ಲಿ ಅವರು ಬ್ಯಾಬಿಲೋನಿನ ರಾಣಿ, ಇರಾಕಿನ ಅತಿ ಎತ್ತರದ ಖರ್ಜೂರದ ಮರ. ನನ್ನ ವಾದಕ್ಕೆ ಇದು ಅಡ್ಡಬರುತ್ತದೆಯಲ್ಲ ಎಂದು ಕೇಳಬಹುದು. ಇಲ್ಲ. ಅದೇ ಕವಿತೆಯಲ್ಲಿ ಇರಾಕಿ ಚಹಾದ ಹೊತ್ತಾಯಿತು, ಇನ್ನು ಲೋಟಗಳನ್ನು ಹಂಚುವವರು ಯಾರು ಎಂಬ ಪ್ರಶ್ನೆ ಇದೆ, ಅವರ ಹೊಂಗೂದಲಿನ ಕ್ಲಿಪ್ಪುಗಳಿವೆ. ರಾಣಿಗೂ ಖರ್ಜೂರದ ಮರಕ್ಕೂ ನಾನು ಅಳಲಾರೆ. ಚಹಾದ ಲೋಟಗಳ ಸಾಲು ಬಂದಾಗ ಮುಂದೆ ಓದಲಾಗದೆ ಪುಸ್ತಕ ಕೆಳಗಿಡುತ್ತೇನೆ.

ಇನ್ನೊಂದು ಮಾತು. ನಾಡಾಗುವ ಈ ಪ್ರೇಯಸಿಯರನ್ನು ಬರೆದವರೆಲ್ಲ ಗಂಡಸರು. 1917ರಲ್ಲಿ ಪ್ಯಾಲೆಸ್ಟೈನಿನ ನಬ್ಲುಸಿನಲ್ಲಿ ಹುಟ್ಟಿದ ಕವಯಿತ್ರಿ ಫದ್ವಾ ತೂಕಾನರನ್ನು, ಬಾಲಕಿಯಾಗಿದ್ದಾಗ ಒಬ್ಬ ಹುಡುಗ ಒಂದು ಮಲ್ಲಿಗೆ ಹೂವು ಕೊಟ್ಟನೆಂಬ ಕಾರಣಕ್ಕೆ, ಮನೆಯವರು ಶಾಲೆ ಬಿಡಿಸಿ ಮನೆಯೊಳಗೆ ಕೂಡಿಹಾಕಿದರು. ಅಣ್ಣ, ಕವಿ ಇಬ್ರಾಹಿಂ, ಮನೆಯಲ್ಲೇ ಕಾವ್ಯ ಕಲಿಸಿದ. ಅವರು ಮೊದಲು ಬರೆದದ್ದು ಒಳಗಿನ ನೋವು, ಪ್ರೀತಿ. ಇಸ್ರೇಲ್ ನಬ್ಲುಸನ್ನು ಆಕ್ರಮಿಸಿದ 1967ರ ನಂತರ ಪ್ರತಿರೋಧದ ಕವಿತೆಗಳು. ಕಾವಲು ಕಾಯಬೇಕಾದ ನೆಲದಂತೆ, ಮನೆತನದ ಮಾನದಂತೆ ತನ್ನನ್ನು ನೋಡಿಕೊಂಡದ್ದರ ಬೆಲೆ ತೆತ್ತವರು ಅವರು. ಹೆಣ್ಣನ್ನು ನಾಡೆಂದು ಕೊಂಡಾಡುವ ಸಾಲುಗಳನ್ನು ಹಂಚಿಕೊಳ್ಳುವ ಮೊದಲು ಒಮ್ಮೆ ಫದ್ವಾರ ಆತ್ಮಕಥೆ ಓದಿ ಎಂದು ಗೆಳೆಯರನ್ನು ಬೇಡಿಕೊಳ್ಳುತ್ತೇನೆ.

ದರ್ವೀಶ್ ಕೊನೆಯ ದಶಕದಲ್ಲಿ ಒಂದು ಇಡೀ ಸಂಕಲನವನ್ನು ಪ್ರೇಮಕ್ಕೇ ಮೀಸಲಿಟ್ಟಾಗ, ಕವಿ ಹೋರಾಟವನ್ನು ಕೈಬಿಟ್ಟರು ಎಂದು ಹಲವರು ಗೊಣಗಿದರು. ಅಲ್ಲಿ ಗಂಡೂ ಹೆಣ್ಣೂ ಇಬ್ಬರೂ ಪರದೇಶಿಗಳು, ಅವಳಿಗೂ ಅವಳದೇ ದನಿ ಇದೆ. ಜೀವಮಾನವಿಡೀ ಒಂದು ಜನಾಂಗದ ಪರವಾಗಿ ಮಾತಾಡಿದವರಿಗೆ ಒಬ್ಬ ಹೆಣ್ಣಿನೊಂದಿಗೆ ಒಬ್ಬ ಗಂಡಸಾಗಿ ಮಾತಾಡುವ ಸ್ವಾತಂತ್ರ್ಯವೂ ಬೇಕಲ್ಲವೇ? ಅದನ್ನು ಆಕ್ರಮಿಸಿದವರೂ ಕೊಡಲಿಲ್ಲ, ಅಭಿಮಾನಿಗಳೂ ಕೊಡಲಿಲ್ಲ.

ನಾನು ಇದನ್ನೆಲ್ಲ ಓದಿದ್ದು ಇಂಗ್ಲಿಷಿನ ಮೂಲಕ. ಕರಾವಳಿಯಲ್ಲಿ, ಗಲ್ಫಿನ ಊರುಗಳಲ್ಲಿ ಅರಬ್ಬೀ ಚೆನ್ನಾಗಿ ಬಲ್ಲ ಕನ್ನಡಿಗರು ಎಷ್ಟೋ ಜನ ಇದ್ದೀರಿ. ರೀಟಾಳ ಆ ಎರಡು ಕವಿತೆಗಳನ್ನು ಮೂಲದಿಂದ ನೇರವಾಗಿ ಕನ್ನಡಕ್ಕೆ ತಂದು ಅಕ್ಕಪಕ್ಕ ಇಡುತ್ತೀರಾ? ಅಡಿಟಿಪ್ಪಣಿಯಲ್ಲಿ ಮಾತ್ರ ದಯವಿಟ್ಟು "ರೀಟಾ ಎಂದರೆ ತಾಯ್ನಾಡು" ಎಂದು ಬರೆಯಬೇಡಿ.