ಅಪೊಲೊ ದೇವರೂ ಒಣದ್ರಾಕ್ಷಿಯ ಕಡತವೂ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿಗೆ ಗ್ರೀಸಿನ ಪುರಾತನ ದೇವಕ್ಷೇತ್ರ ಡೆಲ್ಫಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ದೇವರು ಅಪೊಲೊ, ಮಣ್ಣಿನಡಿ ಮಲಗಿದ್ದ. ಪೂಜಾರಿ ಗ್ರೀಕ್ ಸರಕಾರ. ಭಕ್ತರು ಫ್ರೆಂಚರು. 1880ರ ದಶಕದಲ್ಲಿ ಇವರು ಅಲ್ಲಿ ಪುರಾತನ ಅವಶೇಷ ಹುಡುಕಿ ಅಗೆಯಲು ಅಪ್ಪಣೆ ಬೇಡಿದಾಗ ಅಥೆನ್ಸಿನಿಂದ ಬಂದ ಉತ್ತರದ ಸಾರಾಂಶ ಇಷ್ಟು: ಅಗೆಯಿರಿ ಸ್ವಾಮಿ, ಯಾರು ಬೇಡ ಅಂದರು? ನಮ್ಮ ಒಣದ್ರಾಕ್ಷಿಯ ಮೇಲೆ ನೀವು ಹಾಕುವ ಸುಂಕದ್ದೊಂದು ಸ್ವಲ್ಪ ನೋಡಿಕೊಳ್ಳಿ.

ನಗಬೇಡಿ. ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಆಗ ಫಿಲಾಕ್ಸೆರ ಎಂಬ ಹೇನು ತಿಂದುಹಾಕಿತ್ತು. ಅಲ್ಲಿನವರು ಗ್ರೀಸಿನ ಒಣದ್ರಾಕ್ಷಿ ನೆನೆಸಿ ವೈನ್ ಮಾಡುತ್ತಿದ್ದರು. ಊರಿಗೆಲ್ಲ ಕಣಿ ಹೇಳುತ್ತಿದ್ದ ದೇವರ ಭವಿಷ್ಯ ಹೀಗೆ ಹೇನಿನ ಕೈಗೆ ಹೋಯಿತು. ಮಾತುಕತೆ ಹತ್ತಿರ ಹತ್ತು ವರ್ಷ ಎಳೆಯಿತು. ನಡುವೆ ಅಮೆರಿಕನ್ನರೂ ಹಣದ ಚೀಲ ಹಿಡಿದು ಇಣುಕಿದರು. ಕೊನೆಗೆ 1891ರಲ್ಲಿ ಒಪ್ಪಂದ, ಫ್ರೆಂಚ್ ಸಂಸತ್ತಿನಿಂದ 5 ಲಕ್ಷ ಫ್ರಾಂಕ್ ಮಂಜೂರು. ಇನ್ನು ಉಳಿದದ್ದು ದೇವಸ್ಥಾನದ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಕಾಸ್ತ್ರಿ ಹಳ್ಳಿ. ಅದನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಿದರು. 1892ರಲ್ಲಿ ಗುದ್ದಲಿ ಬಿದ್ದಾಗ ಹಳ್ಳಿಯವರ ಸಿಟ್ಟಿಗೆ ಸೈನಿಕರ ಕಾವಲು ಬೇಕಾಯಿತು. ಪಾಪ, ಒಣದ್ರಾಕ್ಷಿಯ ಬಗ್ಗೆ ಆದಷ್ಟು ಚರ್ಚೆ ಅವರ ಬಗ್ಗೆ ಆಗಿರಲಿಲ್ಲ.

ಈಗ ಒಣದ್ರಾಕ್ಷಿ ಬೇಡ. 2002ರ ಕಾನೂನಿದೆ. ಪರದೇಶದವರು ಅಗೆಯಬೇಕಾದರೆ ಮೊದಲು ಬೇಕಾದದ್ದು ಗುದ್ದಲಿಯಲ್ಲ, ಗ್ರೀಸಿನಲ್ಲಿ ತಮ್ಮ ದೇಶದ ಬೋರ್ಡು ಹೊತ್ತ ಪುರಾತತ್ತ್ವ ಶಾಲೆ, ಅಂದರೆ ಸಂಶೋಧನಾ ಸಂಸ್ಥೆ. (ನಮ್ಮದಿಲ್ಲ; ಹಂಪಿ ಅಗೆದ ಕೈಗಳು ಸುಮ್ಮನಿರಲಿ.) ಒಂದು ಶಾಲೆಗೆ ವರ್ಷಕ್ಕೆ ಸ್ವಂತ ಉತ್ಖನನ ಮೂರು, ಗ್ರೀಕರ ಜತೆಗೂಡಿ ಇನ್ನು ಮೂರು. ಪಡಿತರ ಅಂಗಡಿಯ ಅಕ್ಕಿಯಂತೆ ಅಳತೆ ಖಚಿತ, ಆದರೆ ಮನೆಯಲ್ಲಿ ಎಷ್ಟು ಬಾಯಿ ಎಂದು ಯಾರೂ ಕೇಳುವುದಿಲ್ಲ. ಅಮೆರಿಕನ್ ಶಾಲೆಯ ಬೆನ್ನಿಗೆ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ. ಅವಕ್ಕೂ ಮೂರು, ಪುಟ್ಟ ಐರ್ಲೆಂಡಿಗೂ ಮೂರು. ಹೀಗಾಗಿ ಸಚಿವಾಲಯದ ಬಾಗಿಲಿಗೆ ಹೋಗುವ ಮೊದಲೇ ಸ್ವಂತ ಶಾಲೆಯ ಅಂಗಳದಲ್ಲಿ ಒಂದು ಸಾಲು. ಅದು ದಾಟಿದರೆ ಕೇಂದ್ರ ಪುರಾತತ್ತ್ವ ಮಂಡಳಿ. ಅದೂ ದಾಟಿದರೆ ಸಂಸ್ಕೃತಿ ಸಚಿವರ ಸಹಿ. ಎರಡು ಸಾವಿರ ವರ್ಷ ಕಾದ ಕಂಬಕ್ಕೆ ಇನ್ನೊಂದು ಬೇಸಿಗೆ ಭಾರವೇ?

ಅಥೆನ್ಸಿನ ಪಾರ್ಥೆನಾನ್ ದೇವಸ್ಥಾನದ ಶಿಲ್ಪಗಳನ್ನು ಬ್ರಿಟಿಷ್ ರಾಯಭಾರಿ ಎಲ್ಗಿನ್ ಸಾಹೇಬ ಕಳಚಿಕೊಂಡು ಲಂಡನ್ನಿಗೆ ಸಾಗಿಸಿದ್ದನ್ನು ಕಂಡ ದೇಶ ಬಾಗಿಲಿಗೆ ಬೀಗ ಜಡಿದರೆ ನಾನು ತಪ್ಪೆನ್ನಲಾರೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ತಿಳಿಯಲು ಮತ್ತೊಂದು ಅರ್ಜಿ ಬೇಕಾಗುವುದೇ ತಮಾಷೆ.

ವ್ಯಾಪಾರ ಬಿಟ್ಟು ಪುರಾತತ್ತ್ವಕ್ಕೆ ಇಳಿದ ಜರ್ಮನ್ ಹೈನ್ರಿಶ್ ಶ್ಲೀಮನ್ ಇಂದು ಬಂದಿದ್ದರೆ? ಅನುಭವದ ಕಾಲಂನಲ್ಲಿ "ನೀಲಿ ಬಣ್ಣದ ವ್ಯಾಪಾರ" ಎಂದು ಬರೆಯಬೇಕಾಗುತ್ತಿತ್ತು. 1874ರಲ್ಲಿ ಆತ ಅಪ್ಪಣೆಯಿಲ್ಲದೆ ಗ್ರೀಸಿನ ಪುರಾತನ ಕೋಟೆ ಮೈಸಿನೆಯಲ್ಲಿ 34 ಗುಂಡಿ ತೋಡಿದ್ದ. 1876ರಲ್ಲಿ ಅಪ್ಪಣೆ ಕೊಟ್ಟವರು ಸ್ಟಾಮಟಾಕಿಸ್ ಎಂಬ ಮೇಲ್ವಿಚಾರಕರನ್ನು ಬೆನ್ನಿಗೆ ಅಂಟಿಸಿದರು. ಶ್ಲೀಮನ್ ಅಗೆದ, ಸ್ಟಾಮಟಾಕಿಸ್ ಅಥೆನ್ಸಿಗೆ ದೂರು ಬರೆದರು. ಸಮಾಧಿಗಳಿಂದ ಚಿನ್ನದ ಮುಖವಾಡಗಳು ಮೇಲೆ ಬಂದ ಮೇಲೂ ಇಬ್ಬರ ಜಗಳ ನಿಲ್ಲಲಿಲ್ಲ.